ಎಡಕ್ಕೆ ಏಕೆ ಈ ವಾಲು?

ಸೊಸೆಗೆ ಬಲಗಾಲಿಟ್ಟು ಒಳಗೆ ಬಾ ಎನ್ನುತ್ತೇವೆ. ಎಡಗಣ್ಣು ಹಾರಿದರೆ ಹೆಣ್ಣಿಗೆ ಶುಭ ಎನ್ನುತ್ತೇವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಮನೆಗೂ ಎಡಬಲದ ಲೆಕ್ಕ ಹೊಸದಲ್ಲ. ಆದರೆ ಸ್ತನ ಕ್ಯಾನ್ಸರಿಗೂ ಎಡಬಲ ಉಂಟು ಎಂದು ತಿಳಿದ ದಿನ ನನಗೆ ಮೈ ಜುಮ್ಮೆಂದಿತು!

ಹೌದು, ಬಲಕ್ಕಿಂತ ಎಡ ಸ್ತನದಲ್ಲಿ ಅದು ಕೊಂಚ ಹೆಚ್ಚು. 2022ರಲ್ಲಿ ಅಮೆರಿಕದ ಸಂಶೋಧಕರು 8.8 ಲಕ್ಷ ರೋಗಿಗಳ ದಾಖಲೆ ಜಾಲಾಡಿದರು: ಎಡ ಶೇ. 50.8, ಬಲ ಶೇ. 49.2. ಕೂದಲೆಳೆಯ ಅಂತರ! ಗಡ್ಡೆಗಳ ಒಳಗೆ ಇಣುಕಿದರೆ ಇನ್ನೂ ಬೆರಗು. ಜೀವಕೋಶಗಳನ್ನು ಬೆಳೆಸುವ ಜೀನ್‌ಗಳು ಎಡಗಡೆ ಹೆಚ್ಚು ಚುರುಕು. ಆಪರೇಷನ್ನಿಗೆ ಮೊದಲು ಕೊಟ್ಟ ಕೀಮೋಗೆ ಪೂರ್ತಿ ಕರಗಿದವು ಬಲಗಡೆಯವೇ ಹೆಚ್ಚು.

ಯಾಕೆ? ಎಡ ಸ್ತನ ಸರಾಸರಿಯಲ್ಲಿ ತುಸು ದೊಡ್ಡದು ಎಂಬುದು ಒಂದು ಊಹೆ. ಇನ್ನು ದೇಹದಲ್ಲಿ ಎಡಬಲ ಮೂಡುವ ಬಗೆ ತಿಳಿಯಲು ತಾಯ ಗರ್ಭಕ್ಕೇ ಹೋಗಬೇಕು. 1998ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಭ್ರೂಣದಲ್ಲಿ ಕಂಡದ್ದು ನೋಡಿ: ಸೂಕ್ಷ್ಮ ರೋಮಗಳು ಗಿರಗಿರನೆ ತಿರುಗುತ್ತ ದ್ರವವನ್ನು ಎಡಕ್ಕೆ ತಳ್ಳುತ್ತಿದ್ದವು! ಅಂಗೈಯಗಲದ ಹೃದಯ ಎಡಕ್ಕೆ ವಾಲುವ ಕಥೆ ಶುರುವಾಗುವುದು ಆ ಪುಟ್ಟ ಹರಿವಿನಿಂದ.

ಆ ಹೃದಯ ಎಡ ಸ್ತನದ ಹಿಂದೆಯೇ ಇದೆ. ಹಾಗಾಗಿ ಎಡಗಡೆಗೆ ರೇಡಿಯೇಷನ್ ಕೊಡುವಾಗ ಕಿರಣ ಅದಕ್ಕೂ ತಾಕಬಹುದು. ಪರಿಹಾರ ಎಷ್ಟು ಸರಳ ಗೊತ್ತೇ? ಉಸಿರು! ದೀರ್ಘವಾಗಿ ಎಳೆದು ಹಿಡಿದರೆ ಶ್ವಾಸಕೋಶ ಉಬ್ಬುತ್ತದೆ, ಹೃದಯ ದೂರ ಸರಿಯುತ್ತದೆ, ಆ ಕ್ಷಣದಲ್ಲಿ ಕಿರಣ ಹಾಯುತ್ತದೆ.

ಅಂತರ ಕೂದಲೆಳೆಯದು, ಬಲಗಡೆಯೂ ಹೆಚ್ಚುಕಡಿಮೆ ಅರ್ಧ ಪಾಲು ಇದೆ. ಆದ್ದರಿಂದ ಅಕ್ಕ, ಎರಡೂ ಕಡೆ ನೋಡಿಕೊಳ್ಳಿ. ನೋವಿಲ್ಲದ ಗಂಟು, ಒಳಸೇರಿದ ತೊಟ್ಟು, ಕುಳಿಬಿದ್ದ ಚರ್ಮ, ರಕ್ತ ಬೆರೆತ ಸ್ರಾವ ಕಂಡರೆ ವೈದ್ಯರ ಬಳಿ ಹೋಗಲು ತಡಮಾಡಬೇಡಿ. 30 ದಾಟಿದವರಿಗೆ ಸ್ತನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಉಂಟು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ.

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವಾಗ ಏದುಸಿರು ಬಿಟ್ಟು ನಿಲ್ಲುತ್ತೀರಲ್ಲ, ಆಗೊಮ್ಮೆ ಎದೆತುಂಬ ಗಾಳಿ ಎಳೆದುಕೊಳ್ಳಿ. ಅದೇ ಉಸಿರು ಎಲ್ಲೋ ಒಂದು ರೇಡಿಯೇಷನ್ ಕೋಣೆಯಲ್ಲಿ ಒಬ್ಬ ತಾಯಿಯ ಹೃದಯ ಕಾಯುತ್ತಿದೆ!