ಕುದುರೆಗೂ ಪಾಸ್‌ಪೋರ್ಟು, ರಕ್ತ ತಪಾಸಣೆಯ ಕಾಗದ!

ವಲಾಂಡಿ: ನಾಂದೇಡ್ ಜಿಲ್ಲೆ ಲೋಹಾ ತಾಲ್ಲೂಕಿನ ಮಾಳೇಗಾವ್ ಖಂಡೋಬಾ ಜಾತ್ರೆ ಹತ್ತಿರ ಬಂತೆಂದರೆ ಕುದುರೆ ಸಾಕಿದವರ ಮನೆಯಲ್ಲಿ ಒಂದೇ ಮಾತು. ಟೆಂಪೊ ಯಾರದು, ಬಾಡಿಗೆ ಎಷ್ಟು, ಕುದ್ರಿ ತಕರಾರಿಲ್ಲದೆ ಹತ್ತತದೋ ಇಲ್ಲೋ? ತಳಕ್ಕೆ ಕಣಿಕಿ ಹಾಸಿ, ಎರಡೂ ಬದಿಗೆ ಹಗ್ಗ ಬಿಗಿದು, ಮಾಲೀಕನೋ ಮಗನೋ ಕುದುರೆಯ ಪಕ್ಕದಲ್ಲೇ ನಿಂತು ಹೊರಟರೆ ಆಯಿತು.

ಒಲಿಂಪಿಕ್ಸ್‌ಗೆ ಹೋಗುವ ಕುದುರೆಯ ಪ್ರಯಾಣವೂ ಮೂಲದಲ್ಲಿ ಇಷ್ಟೇ. ಟೆಂಪೊ ಬದಲು ವಿಮಾನ, ಕಣಿಕಿ ಬದಲು ಒಣಹುಲ್ಲಿನ ಬಲೆಚೀಲ. ಪಕ್ಕದಲ್ಲಿ ಆಳು ನಿಲ್ಲುವುದು ಅಲ್ಲಿಯೂ ತಪ್ಪಿಲ್ಲ. ಆದರೆ ಭಾರತದಲ್ಲೇ ಹುಟ್ಟಿ ಬೆಳೆದ ಕುದುರೆಗೆ ಆ ವಿಮಾನ ಹತ್ತುವ ಭಾಗ್ಯ ಬಹುಕಾಲ ಸಿಕ್ಕಲಿಲ್ಲ. ಅಡ್ಡಿಯಾದದ್ದು ದುಡ್ಡಷ್ಟೇ ಅಲ್ಲ, ರೋಗ.

ವಿಮಾನದಾಗ ಕುದ್ರಿ ಹ್ಯಾಂಗ್ ನಿಲ್ತದ?

ಈ ಮಾತು ತೆಗೆದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಕುದುರೆ ವಿಮಾನದ ಮೆಟ್ಟಿಲು ಹತ್ತುವುದಿಲ್ಲ. ನೆಲದ ಮೇಲೆಯೇ ಇಟ್ಟ ಪೆಟ್ಟಿಗೆಯಂಥ ಪುಟ್ಟ ಲಾಯದೊಳಗೆ ಅದನ್ನು ನಡೆಸುತ್ತಾರೆ. ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ ಎರಡೇ ಕುದುರೆ. ಆಮೇಲೆ ಪೆಟ್ಟಿಗೆಯನ್ನೇ ಲಿಫ್ಟಿನಿಂದ ಎತ್ತಿ, ಉರುಳೆಗಳ ಮೇಲೆ ತಳ್ಳಿ ವಿಮಾನದೊಳಗೆ ಭದ್ರ ಮಾಡುತ್ತಾರೆ. ಕುದುರೆ ನಿಂತೇ ಹೋಗುತ್ತದೆ, ನಿಂತೇ ತೂಕಡಿಸುತ್ತದೆ.

2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೊರಟ ಮೊದಲ ಕುದುರೆ ವಿಮಾನದ ಲೆಕ್ಕ ನೋಡಿ. ಬೆಲ್ಜಿಯಂನ ಲೀಜ್ ಪಟ್ಟಣದಿಂದ 36 ಕುದುರೆ, 19 ಪೆಟ್ಟಿಗೆ. ನಡುವೆ ದುಬೈಯಲ್ಲಿ ಇಂಧನಕ್ಕೆ ನಿಂತು, ಒಟ್ಟು 18 ತಾಸಿನ ಪ್ರಯಾಣ. ಕುದುರೆಗಳ ತೂಕವೇ 22,700 ಕಿಲೊ. ಜೊತೆಗೆ ಜೀನು, ಲಗಾಮು ಮೊದಲಾದ ಸಾಮಾನು 13,500 ಕಿಲೊ, ಮೇವು 12,000 ಕಿಲೊ. ಒಂದೊಂದಕ್ಕೂ 40 ಲೀಟರ್ ನೀರು. ಒಳಗಿನ ಹವೆ 14ರಿಂದ 17 ಡಿಗ್ರಿ. ಬೀದರದ ಚಳಿಗಾಲದ ಬೆಳಗಿನಷ್ಟು ತಂಪು!

ಕುದುರೆ ವಾಂತಿ ಮಾಡಲಾರದ ಪ್ರಾಣಿ. ಹೊಟ್ಟೆ ಕೆಟ್ಟರೆ ಜೀವಕ್ಕೇ ಸಂಚಕಾರ. ಅದಕ್ಕೇ ಪ್ರಯಾಣಕ್ಕೆ ಮುಂಚೆ ಕಾಳು ಕಡಿಮೆ ಮಾಡಿ ಹುಲ್ಲಿನ ಮೇಲೆ ಇಡುತ್ತಾರೆ. ಇನ್ನೊಂದು ಭಯ ಪುಪ್ಪುಸದ್ದು. ತಲೆ ಮೇಲೆತ್ತಿ ಕಟ್ಟಿ ತಾಸುಗಟ್ಟಲೆ ನಿಲ್ಲಿಸಿದರೆ ಧೂಳು, ಸಿಂಬಳ ಇಳಿಯಲು ದಾರಿ ಇಲ್ಲದೆ ಎದೆಯಲ್ಲಿ ಸೋಂಕಾಗುತ್ತದೆ, ಜ್ವರ ಬರುತ್ತದೆ. ಆದ್ದರಿಂದ ಆಗಾಗ ತಲೆ ತಗ್ಗಿಸಲು ಬಿಡಲೇಬೇಕು. ಮಾಳೇಗಾವ್‌ಗೆ ಟೆಂಪೊದಲ್ಲಿ ಒಯ್ಯುವವರಿಗೂ ಇದೇ ಮಾತು: ಮೂರ್ನಾಲ್ಕು ತಾಸಿಗೊಮ್ಮೆ ನಿಲ್ಲಿಸ್ರಿ, ಹಗ್ಗ ಸಡಿಲ ಬಿಡ್ರಿ, ನೀರು ತೋರಸ್ರಿ.

ಬೆಂಗಳೂರಿನ ಸವಾರ, ಜರ್ಮನಿಯ ಲಾಯ

ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇವೆಂಟಿಂಗ್ ಸ್ಪರ್ಧೆಯ ಬೆಳ್ಳಿ ಗೆದ್ದಾಗ ಅವರು ಏರಿದ್ದ ಕುದುರೆ ಸೆನ್ಯೂರ್ ಮೆಡಿಕಾಟ್. ತಂಡಕ್ಕೂ ಬೆಳ್ಳಿ ಬಂತು. ಟೋಕಿಯೊದಲ್ಲೂ ಅದೇ ಕುದುರೆಯ ಮೇಲೆ 23ನೇ ಸ್ಥಾನ ಪಡೆದರು. ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಭಾರತೀಯನೊಬ್ಬ ಕಾಣಿಸಿಕೊಂಡದ್ದು 2000ದ ಸಿಡ್ನಿಯ ಇಮ್ತಿಯಾಜ್ ಅನೀಸ್ ನಂತರ ಅದೇ ಮೊದಲು. ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ, ಅನುಮಾನವಿಲ್ಲ.

ಆದರೆ ಈ ತಯಾರಿ ನಡೆದದ್ದು ಬೆಂಗಳೂರಿನಲ್ಲಲ್ಲ, ಜರ್ಮನಿಯಲ್ಲಿ. ಮಾಲೀಕರಾದ ಎಂಬಸಿ ಸಮೂಹದವರು ಕುದುರೆಯನ್ನು ಅಲ್ಲಿಯೇ ಇಟ್ಟಿದ್ದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ ತಂಡಕ್ಕೆ ಚಿನ್ನ ತಂದ ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಇವರದೂ ಅದೇ ಕಥೆ. ಮನೆ ಬಿಟ್ಟು ಯುರೋಪಿನಲ್ಲಿ ಉಳಿದು, ಅಲ್ಲಿನ ಕುದುರೆ ಏರಿದರು. ಏಷ್ಯಾಡ್ ಕುದುರೆ ಸವಾರಿಯಲ್ಲಿ ಭಾರತಕ್ಕೆ 41 ವರ್ಷಗಳ ಬಳಿಕ ಬಂದ ಚಿನ್ನವದು. ಹಿಂದಿನದು 1982ರದು, ಆಗ ಆಟ ದೆಹಲಿಯಲ್ಲೇ ಇತ್ತು, ಕುದುರೆ ಕಡಲು ದಾಟುವ ಪ್ರಮೇಯವೇ ಇರಲಿಲ್ಲ.

ಅಂದರೆ ಲಕ್ಷ ಲಕ್ಷ ಸುರಿದು ಪರದೇಶದಲ್ಲಿ ಕುದುರೆ ಸಾಕಬಲ್ಲವರಿಗಷ್ಟೇ ದಾರಿ. ಊರ ಹುಡುಗ ಎಷ್ಟೇ ಗಟ್ಟಿ ಸವಾರನಾದರೂ ಇಲ್ಲಿನ ಕುದುರೆ ನಂಬಿ ಕುಳಿತರೆ ಬಾಗಿಲು ಬಂದ್.

ಒಂದು ರೋಗ, ನೂರು ತಡೆ

ಯಾಕೆ ಹೀಗೆ? ಅಂತರರಾಷ್ಟ್ರೀಯ ಸ್ಪರ್ಧೆಯ ಕುದುರೆಗೆ ಪಾಸ್‌ಪೋರ್ಟ್ ಬೇಕು, ಗುರುತಿನ ಮೈಕ್ರೋಚಿಪ್ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ರೋಗವಿಲ್ಲವೆಂಬ ರಕ್ತ ತಪಾಸಣೆಯ ಕಾಗದ ಬೇಕು. ಟೋಕಿಯೊಗೆ ಹೊರಟ ಕುದುರೆಗಳನ್ನು 60 ದಿನ ನಿಗಾದಲ್ಲಿಟ್ಟು, ಕೊನೆಯ 7 ದಿನ ಜರ್ಮನಿಯ ಆಕೆನ್‌ನಲ್ಲಿ ಪ್ರತ್ಯೇಕವಾಗಿ ಕಟ್ಟಿದ್ದರು. ಈ ಕಟ್ಟಳೆ ಹೊಸದೇನಲ್ಲ. 1956ರಲ್ಲಿ ಒಲಿಂಪಿಕ್ಸ್ ನಡೆದದ್ದು ಮೆಲ್ಬರ್ನ್‌ನಲ್ಲಿ, ಆದರೆ ಕುದುರೆ ಸ್ಪರ್ಧೆ ಮಾತ್ರ ಸ್ಟಾಕ್‌ಹೋಮ್‌ನಲ್ಲಿ! ಹೊರಗಿನ ಕುದುರೆಗಳ ವಿಷಯದಲ್ಲಿ ಆಸ್ಟ್ರೇಲಿಯಾದ ಕಾನೂನು ಅಷ್ಟು ಬಿಗಿ.

ಭಾರತದ ಕುದುರೆಗೆ ಗಂಟುಬಿದ್ದದ್ದು ಮುಖ್ಯವಾಗಿ ಗ್ಲ್ಯಾಂಡರ್ಸ್, ಸರ್ರಾದಂಥ ರೋಗಗಳು. ಹತೋಟಿಗೆ ಬಂದಿದ್ದ ಗ್ಲ್ಯಾಂಡರ್ಸ್ 2006ರಲ್ಲಿ ಮತ್ತೆ ತಲೆಯೆತ್ತಿತು. ರೋಗ ಹಿಡಿದದ್ದು ರೇಸ್ ಕುದುರೆಯೋ, ಇಟ್ಟಂಗಿ ಭಟ್ಟಿಯ ಕತ್ತೆಯೋ ಎಂದು ಪರದೇಶದ ಅಧಿಕಾರಿ ಭೇದ ಮಾಡುವುದಿಲ್ಲ. ದೇಶದಲ್ಲಿ ರೋಗ ಇದೆಯೋ ಇಲ್ಲವೋ, ಅಷ್ಟೇ ಅವನ ಪ್ರಶ್ನೆ.

ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಪೂರ್ತಿ ದೇಶದ ಬದಲು ಒಂದು ಆವರಣವನ್ನಾದರೂ ರೋಗಮುಕ್ತವಾಗಿಡುವುದು. ಉತ್ತರ ಪ್ರದೇಶದ ಮೀರತ್ ದಂಡುಪ್ರದೇಶದಲ್ಲಿ ಸೇನೆಯ ರಿಮೌಂಟ್ ವೆಟರ್ನರಿ ಕೋರ್ ಕೇಂದ್ರದಲ್ಲಿ ಅಂಥ ಆವರಣ ಸಿದ್ಧವಾಯಿತು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2025ರ ಜುಲೈ 3ರಂದು ಅದಕ್ಕೆ ಮಾನ್ಯತೆ ಕೊಟ್ಟಿತು. ಇಲ್ಲಿನ ಕುದುರೆಗೂ ಹೊರಗೆ ಹೋಗಿ ಸ್ಪರ್ಧಿಸುವ ಬಾಗಿಲು ಅಷ್ಟರಮಟ್ಟಿಗೆ ತೆರೆದಿದೆ. ಒಂದೇ ಆವರಣ, ಅದೂ ದೂರದ ಮೀರತ್‌ನಲ್ಲಿ ಎಂಬುದೂ ನಿಜ.

ಒಂದು ಕುದುರೆ ಬೀದರಿಗೆ ಬಂದದ್ದು

ಕುದುರೆ ಸಾಗಿಸುವ ಕಷ್ಟ ಈ ಸೀಮೆಗೆ ಹೊಸತಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, 1470ರ ಸುಮಾರಿಗೆ, ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಒಂದೇ ಒಂದು ಗಂಡು ಕುದುರೆಯನ್ನು ಹಡಗಿಗೆ ಹಾಕಿಕೊಂಡು ಕೊಂಕಣದ ಚೌಲ್‌ನಲ್ಲಿಳಿದ. ಜುನ್ನರ್‌ನ ಖಾನ ಕುದುರೆ ಕಿತ್ತುಕೊಂಡ, ಮತ ಬದಲಿಸಿದರೆ ಕೊಡುತ್ತೇನೆಂದ. ಹೇಗೋ ಬಿಡಿಸಿಕೊಂಡು ಬೀದರಿಗೆ ಬಂದ ನಿಕಿತಿನ್ ಕೊನೆಗೆ ಅದನ್ನು ಕ್ರಿಸ್ಮಸ್ ವೇಳೆಗೆ ಮಾರಿದ. ವರ್ಷವಿಡೀ ಸಾಕಿದ ಖರ್ಚನ್ನೂ ಬರೆದಿಟ್ಟಿದ್ದಾನೆ. ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಬೆರೆಸಿ ಖಿಚಡಿಯನ್ನೂ ತಿನ್ನಿಸುತ್ತಾರೆ ಎಂದದ್ದೂ ಅವನೇ. ಬೀದರಿನಿಂದ 12 ಹರದಾರಿ ದೂರದ ಆಳಂದದ ಜಾತ್ರೆಯಲ್ಲಿ 20 ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ ಎಂದಿದ್ದಾನೆ. ವ್ಯಾಪಾರಿಯ ಬಾಯಿಲೆಕ್ಕ, ತುಸು ಹೆಚ್ಚೇ ಇದ್ದೀತು. ಈ ನೆಲದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಕೋಣ ಹುಟ್ಟುತ್ತವೆ ಎಂಬುದು ಅವನ ಇನ್ನೊಂದು ಮಾತು. ದೇವಣಿ ತಳಿಯ ಎತ್ತು ಕಂಡವರು ಎರಡನೆಯ ಅರ್ಧಕ್ಕೆ ತಕರಾರು ಮಾಡಲಾರರು.

ಜಾತ್ರೆಗೆ ಹೊರಡುವ ಮೊದಲು

ಕುದುರೆಯ ಮೂಗಿನಿಂದ ಅಂಟಂಟಾದ ಹಳದಿ ಸಿಂಬಳ, ಮೂಗಿನೊಳಗೆ ಹುಣ್ಣು, ಕಾಲಿನ ಚರ್ಮದ ಮೇಲೆ ಸಾಲುಗಂಟು, ಬಿಡದ ಜ್ವರ ಕಂಡರೆ ಅದು ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ಅಂಟುವ ರೋಗವಿದು, ಲಸಿಕೆ ಇಲ್ಲ. ಬರಿಗೈಯಲ್ಲಿ ಮೂಗು ಒರೆಸಬಾರದು, ಅದು ಕುಡಿದ ಬಕೆಟ್ಟಿನಲ್ಲಿ ಬೇರೆ ಕುದುರೆಗೆ ನೀರು ಇಡಬಾರದು. 2009ರ ಕೇಂದ್ರ ಕಾಯ್ದೆಯ ಪ್ರಕಾರ ಪಶು ಆಸ್ಪತ್ರೆಗೆ ತಿಳಿಸುವುದು ಕಡ್ಡಾಯ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ.

ರೋಗ ಖಚಿತವಾದರೆ ಪ್ರಾಣಿಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ. ಮದುವೆ ಮೆರವಣಿಗೆಯ ಒಂದೇ ಕುದುರೆಯ ಮೇಲೆ ಸಂಸಾರ ನಡೆಸುವವನಿಗೆ ಇದು ಸಣ್ಣ ಮಾತಲ್ಲ. ರೋಗ ಮುಚ್ಚಿಡುವುದು, ರಾತ್ರೋರಾತ್ರಿ ಗಡಿ ದಾಟಿಸಿ ಮಾರಿಬಿಡುವುದು ಇಲ್ಲಿಂದಲೇ ಶುರು. ಪರಿಹಾರಧನದ ವ್ಯವಸ್ಥೆ ಸರ್ಕಾರದಲ್ಲಿದೆ. ಪ್ರಾಣಿಯನ್ನು ಕೊಲ್ಲಿಸುವ ಮೊದಲೇ ಪಂಚನಾಮೆ, ತಪಾಸಣೆ ವರದಿಯ ಪ್ರತಿ ಕೈಯಲ್ಲಿ ಇಟ್ಟುಕೊಂಡರೆ ಅರ್ಜಿ ಹಾಕುವಾಗ ಅಲೆದಾಟ ಕಡಿಮೆ. ಕರ್ನಾಟಕದ ಕಡೆಯಿಂದ ಕುದುರೆ ತರುವವರೂ, ಇಲ್ಲಿಂದ ಆ ಕಡೆ ಒಯ್ಯುವವರೂ ಜಾತ್ರೆಗೆ ಸಾಕಷ್ಟು ಮೊದಲೇ ರಕ್ತ ತಪಾಸಣೆ ಮಾಡಿಸುವುದು ಒಳ್ಳೆಯದು. ಹಿಸಾರ್‌ನಿಂದ ವರದಿ ಬರಲು ದಿನ ಹಿಡಿಯುತ್ತದೆ.