ರಕ್ತದ ಲೆಕ್ಕ, ಕಣ್ಣಿನ ಲೆಕ್ಕ

ದೊಡ್ಡಬಳ್ಳಾಪುರದ ಆಚೆ ಯಾವುದೋ ದ್ರಾಕ್ಷಿ ತೋಟದ ಬದುವಿನಲ್ಲಿ ಶವವೊಂದು ಸಿಕ್ಕಿತು, ಸತ್ತು ಎರಡು ದಿನವಾಗಿದೆ ಎಂದಿಟ್ಟುಕೊಳ್ಳಿ. ಪೊಲೀಸರು ಅಸಹಜ ಸಾವಿನ ವರದಿ (ಯುಡಿಆರ್) ದಾಖಲಿಸಿ ಮಹಜರು ಮಾಡುತ್ತಾರೆ. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಜಠರ, ಯಕೃತ್ತು, ಮೂತ್ರಪಿಂಡದ ತುಣುಕುಗಳು ಉಪ್ಪಿನ ದ್ರಾವಣದಲ್ಲಿ ಮುಳುಗಿ, ರಕ್ತದ ಬಾಟಲಿಯ ಜೊತೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ರಕ್ತದಲ್ಲಿ ಮದ್ಯಸಾರವಿತ್ತು ಎಂದು ವರದಿ ಬಂದರೆ ಮನೆಯವರು, "ಅವರು ಕುಡೀತಾನೇ ಇರ್ಲಿಲ್ಲ ಸ್ವಾಮಿ" ಎನ್ನಬಹುದು.

ಆ ಮಾತು ನಿಜವೂ ಇರಬಹುದು. ದೇಹ ಕೊಳೆಯತೊಡಗಿದಾಗ ಸೂಕ್ಷ್ಮಾಣುಗಳು ರಕ್ತದ ಸಕ್ಕರೆಯಿಂದ ತಾವೇ ಮದ್ಯಸಾರ ತಯಾರಿಸುತ್ತವೆ. ಯಕೃತ್ತು, ಶ್ವಾಸಕೋಶ, ಹೃದಯದ ಸ್ನಾಯುವಿನಲ್ಲಿ ಸೇರಿಕೊಂಡಿದ್ದ ಔಷಧಿಯೂ ಸಾವಿನ ನಂತರ ಪಕ್ಕದ ರಕ್ತಕ್ಕೆ ಇಳಿಯುತ್ತದೆ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಇದಕ್ಕೆ ಹೆಸರುವಾಸಿ. ವೈದ್ಯರು ಹೇಳಿದಷ್ಟೇ ನುಂಗಿದವರ ಹೃದಯದ ರಕ್ತದಲ್ಲೂ ಅದು ವಿಷದ ಮಟ್ಟ ತೋರಿಸಬಹುದು. ಅದಕ್ಕೇ ತೊಡೆಯ ರಕ್ತನಾಳದ ರಕ್ತ ತೆಗೆಯುವುದು ಮೇಲು. ಜೊತೆಗೆ ಕಣ್ಣಿನ ದ್ರವವೂ ಇದ್ದರೆ ಇನ್ನೂ ಒಳ್ಳೆಯದು.

ಕಣ್ಣುಗುಡ್ಡೆಯ ಹಿಂಭಾಗವನ್ನು ತುಂಬಿರುವ, ಮೊಟ್ಟೆಯ ಬಿಳಿಯಂಥ ಈ ಲೋಳೆಯಲ್ಲಿ ಸುಮಾರು ಶೇ. 99 ನೀರೇ. ರಕ್ತನಾಳಗಳಿಲ್ಲ, ಹೊಟ್ಟೆಯಿಂದ ದೂರ, ಗಟ್ಟಿ ಪೊರೆಯೊಳಗೆ ಭದ್ರ. ಸೂಕ್ಷ್ಮಾಣುಗಳು ಇಲ್ಲಿಗೆ ತಡವಾಗಿ ಬರುತ್ತವೆ. ಕಣ್ಣಿನ ಹೊರಮೂಲೆಯಿಂದ ಸೂಜಿ ಚುಚ್ಚಿ ನಿಧಾನವಾಗಿ ಎಳೆಯಬೇಕು; ಅವಸರ ಮಾಡಿದರೆ ಅಕ್ಷಿಪಟದ ಚೂರು ಬೆರೆಯುತ್ತದೆ. ದ್ರವ ತೆಗೆದ ಜಾಗಕ್ಕೆ ಸಲೈನ್ ತುಂಬಿದರೆ ಕಣ್ಣು ಗುಳಿಬಿದ್ದಂತೆ ಕಾಣುವುದಿಲ್ಲ. ಮದ್ಯಸಾರದ ಪರೀಕ್ಷೆಗಾದರೆ ಬಾಟಲಿಗೆ ಸೋಡಿಯಂ ಫ್ಲೋರೈಡ್ ಹಾಕಿಡುತ್ತಾರೆ.

ಮದ್ಯಸಾರ ನೀರಿರುವಲ್ಲಿ ಸೇರುತ್ತದೆ. ರಕ್ತಕ್ಕಿಂತ ಕಣ್ಣಿನ ದ್ರವದಲ್ಲಿ ನೀರು ಹೆಚ್ಚು. ಹೀಗಾಗಿ ಎರಡೂ ಸಮತೋಲನಕ್ಕೆ ಬಂದಾಗ ಕಣ್ಣಿನ ಅಂಕಿ ರಕ್ತದ ಸುಮಾರು 1.2 ಪಟ್ಟು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಚಾಲಕರ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಕಣ್ಣಿನ ದ್ರವದಲ್ಲಿ 36 ಎಂದರೆ ಹೆಚ್ಚುಕಡಿಮೆ ಅಷ್ಟೇ. ಆದರೆ ಸರಾಸರಿಯನ್ನು ಒಬ್ಬ ವ್ಯಕ್ತಿಗೆ ಹಾಗೇ ಅನ್ವಯಿಸಿ ತೀರ್ಪು ಕೊಡುವಂತಿಲ್ಲ.

ನಿಜವಾದ ಸ್ವಾರಸ್ಯವಿರುವುದು ಎರಡು ಅಂಕಿಗಳ ನಡುವಿನ ಅಂತರದಲ್ಲಿ. ಕಣ್ಣು ರಕ್ತಕ್ಕಿಂತ ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ರಕ್ತದ್ದೇ ಹೆಚ್ಚಿದ್ದರೆ ಕುಡಿದ ಸ್ವಲ್ಪ ಹೊತ್ತಿಗೇ ಸಾವು ಬಂದಿರಬಹುದು. ಕಣ್ಣಿನದು ತೀರ ಹೆಚ್ಚಿದ್ದರೆ ಅಮಲು ಇಳಿಯುವ ಹೊತ್ತು. ಕೊಳೆತ ಶವದ ರಕ್ತದಲ್ಲಿ ಮದ್ಯಸಾರವಿದ್ದು ಕಣ್ಣಿನಲ್ಲಿ ಸೊನ್ನೆಯಾದರೆ ಮನೆಯವರ ಮಾತನ್ನು ಗಂಭೀರವಾಗಿ ಕೇಳಬೇಕು. ಹೆರಾಯಿನ್ ವಿಷಯವೂ ಹೀಗೆಯೇ: ಅದರ ಗುರುತಾದ 6-ಮಾನೋಅಸಿಟೈಲ್‌ಮಾರ್ಫಿನ್ ರಕ್ತದಲ್ಲಿ ಬೇಗ ಕರಗಿಹೋದರೂ ಕಣ್ಣಿನಲ್ಲಿ ಉಳಿದಿರುತ್ತದೆ.

2008ರ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದರಲ್ಲಿದ್ದದ್ದು ಮೆಥನಾಲ್. ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ. ಆ ಆಮ್ಲ ಕಣ್ಣಿನ ನರವನ್ನೇ ಸುಡುತ್ತದೆ. ನೀರಿಗೆ ಒಲಿಯುವ ಈ ಮೆಥನಾಲ್ ಕಣ್ಣಿನ ದ್ರವದಲ್ಲೂ ಸಿಗುತ್ತದೆ.

ಎಲ್ಲ ಔಷಧಿಗೂ ಈ ಲೆಕ್ಕ ಹೊಂದುವುದಿಲ್ಲ. ರಕ್ತದ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುವ ಡಯಾಜೆಪಾಮ್‌ನಂಥವು ಕಣ್ಣಿನೊಳಗೆ ಕಡಿಮೆ ಇಳಿಯುತ್ತವೆ. ಒಂದು ಕಣ್ಣಿನಲ್ಲಿ ಇರುವುದೇ ಸುಮಾರು 4 ಮಿ.ಲೀ. ದ್ರವ, ತೆಗೆಯಲು ಸಿಗುವುದು ಅದಕ್ಕಿಂತ ಕಡಿಮೆ. ಮದ್ಯಸಾರ, ಮಾದಕದ್ರವ್ಯ, ಮಧುಮೇಹದ ಸಕ್ಕರೆ ಎಲ್ಲವನ್ನೂ ಅಷ್ಟರಲ್ಲೇ ನೋಡಬೇಕಾದ್ದರಿಂದ ಯಾವ ಪರೀಕ್ಷೆ ಮೊದಲು ಎಂಬುದನ್ನು ವೈದ್ಯರು ಪ್ರಯೋಗಾಲಯಕ್ಕೆ ಬರೆದು ತಿಳಿಸಬೇಕಾಗುತ್ತದೆ.