ಚೀನೀ ಮಾತು ನಾಲಗೆಗೆ ಒಲಿಯುವ ಬಗೆ

ಚೀನಾದ ಉಪಾಹಾರಗೃಹದಲ್ಲಿ ಕುಳಿತು 'ಥಾಂಗ್' ಬೇಕೆಂದು ಕೇಳಿದವನಿಗೆ ಸಾರು ಬರಬಹುದು, ಸಕ್ಕರೆಯೂ ಬರಬಹುದು. ದನಿಯನ್ನು ಎತ್ತರದಲ್ಲಿ ಸಮನಾಗಿ ಹಿಡಿದು ನುಡಿದರೆ ಸಾರು. ಪ್ರಶ್ನೆ ಕೇಳುವವನಂತೆ ಮೇಲಕ್ಕೇರಿಸಿದರೆ ಸಕ್ಕರೆ. 'ಮಾಯ್' ಎಂಬುದು ಇನ್ನೂ ಅಪಾಯದ ಶಬ್ದ. ದನಿಯನ್ನು ತಗ್ಗಿಸಿ ಎತ್ತಿದರೆ ಕೊಳ್ಳುವುದೆಂದೂ, ಥಟ್ಟನೆ ಕೆಳಗಿಳಿಸಿದರೆ ಮಾರುವುದೆಂದೂ ಅರ್ಥ. ವ್ಯಾಪಾರಕ್ಕೆಂದು ಹೋದವನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬೀಜಿಂಗಿನ ಉಚ್ಚಾರವನ್ನು ಆಧಾರವಾಗಿಟ್ಟುಕೊಂಡಿರುವ ಸಾಮಾನ್ಯ ಚೀನೀ ಭಾಷೆಯಲ್ಲಿ ಇಂತಹ ಸ್ವರಗಳು ನಾಲ್ಕು. ಇವನ್ನು ಪುಸ್ತಕದಿಂದ ಅರಿಯಬಹುದಲ್ಲದೆ ಕಲಿಯಲಾಗದು. ಅಮೆರಿಕದ ವಿದೇಶಾಂಗ ಖಾತೆಯು ತನ್ನ ಅಧಿಕಾರಿಗಳಿಗಾಗಿ ನಡೆಸುವ ಭಾಷಾ ಶಿಕ್ಷಣದಲ್ಲಿ ಚೀನೀ ಭಾಷೆಗೆ ಗೊತ್ತುಮಾಡಿರುವ ಅವಧಿ ಸುಮಾರು 2,200 ತರಗತಿ ಗಂಟೆಗಳು. ಸ್ಪ್ಯಾನಿಷ್ ಭಾಷೆಗೆ ಇದರ ಮೂರನೆಯ ಒಂದು ಪಾಲು ಸಾಕಾಗುತ್ತದೆ. ಆದುದರಿಂದಲೇ ಬೀಜಿಂಗಿಗೋ ತೈಪೆಗೋ ಹೋಗಿ ಒಂದೆರಡು ವರ್ಷ ನೆಲಸಿದರೆ ಮಾತು ತಾನಾಗಿಯೇ ಬಂದೀತೆಂದು ಅನೇಕರು ನಂಬಿರುವುದು.

ಆದರೆ ತಾನಾಗಿಯೇ ಬರುವುದಿಲ್ಲ. ಇದಕ್ಕೆ ಸಾಕ್ಷಿಯನ್ನು ಹುಡುಕಲು ಚೀನಾಕ್ಕೆ ಹೋಗಬೇಕಾದುದಿಲ್ಲ. ಮುಂಬಯಿಯ ನಮ್ಮ ಯಾವುದೇ ಹೋಟೆಲನ್ನು ನೋಡಿರಿ. ಒಳಗೆ ಒಲೆಯ ಮುಂದೆ ಹತ್ತು ವರ್ಷ ನಿಂತ ಭಟ್ಟರಿಗೆ ಹತ್ತದ ಮರಾಠಿಯು, ಹೊರಗೆ ಗಿರಾಕಿಗಳ ಮುಂದೆ ಚಹ ಇಡುವ ಮಾಣಿಗೆ ಆರು ತಿಂಗಳಲ್ಲಿ ಹತ್ತುತ್ತದೆ. ಊರು ಅದೇ, ಛಾವಣಿಯೂ ಅದೇ. ಅಡಿಗೆಮನೆಯಲ್ಲಿ ಕನ್ನಡ ಅಥವಾ ತುಳುವಿನಿಂದ ಕೆಲಸ ಸಾಗುತ್ತದೆ. ಮೇಜಿನ ಬಳಿ ಸಾಗುವುದಿಲ್ಲ.

ವಿದೇಶದಲ್ಲಿ ಕಲಿಯುವವರಲ್ಲಿಯೂ ಈ ಎರಡು ಬಗೆಯವರಿದ್ದಾರೆ. ವೈದ್ಯಕೀಯ ವಿದ್ಯೆಗಾಗಿ ಭಾರತದಿಂದ ಸಾವಿರಾರು ತರುಣರು ಚೀನಾಕ್ಕೆ ಹೋಗಿದ್ದಾರೆ. ಅವರಲ್ಲಿ ಬಹುಮಂದಿಗೆ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ವಸತಿಗೃಹದಲ್ಲಿ ಜೊತೆಗಿರುವವರು ಸ್ವದೇಶದವರೇ. ಸಂಜೆಯಾದೊಡನೆ ಕೈಯಲ್ಲಿನ ಫೋನು ಅವರನ್ನು ಮನೆಯ ಜಗಲಿಗೇ ಒಯ್ದು ಕೂಡಿಸುತ್ತದೆ. ಆದರೆ ಆಸ್ಪತ್ರೆಯಲ್ಲಿ ಮಲಗಿರುವ ಮುದುಕಿಗೆ ಇಂಗ್ಲಿಷ್ ಬಾರದು. ನೋವು ಎಲ್ಲಿ, ಎಂದಿನಿಂದ ಎಂದು ಅವಳನ್ನು ಕೇಳಬೇಕು. ಅವಳು ಗೊಣಗಿದ್ದು ತಿಳಿಯಬೇಕು. ಮೊದಲ ವರ್ಷಗಳಲ್ಲಿ ಅಲಕ್ಷಿಸಿದ ಭಾಷೆಯು ಅಲ್ಲಿ ಬಂದು ಅಡ್ಡ ನಿಲ್ಲುತ್ತದೆ.

ಬಾರ್ಬರಾ ಫ್ರೀಡ್ ಮತ್ತು ಅವರ ಸಂಗಡಿಗರು ಫ್ರೆಂಚ್ ಕಲಿಯುತ್ತಿದ್ದ 28 ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2004ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮಾತಿನ ಸರಾಗದಲ್ಲಿ ಹೆಚ್ಚು ಮುಂದುವರಿದವರು ಫ್ರಾನ್ಸಿಗೆ ಹೋದವರಲ್ಲ; ಅಮೆರಿಕದಲ್ಲಿಯೇ ಇದ್ದು, ಹಗಲಿರುಳೂ ಫ್ರೆಂಚನ್ನೇ ಆಡಬೇಕಾಗಿದ್ದ ಬೇಸಿಗೆ ಶಾಲೆಯವರು. ಫ್ರಾನ್ಸಿಗೆ ಹೋದವರು ಅಲ್ಲಿ ಫ್ರೆಂಚಿಗಿಂತ ಹೆಚ್ಚಾಗಿ ಇಂಗ್ಲಿಷನ್ನೇ ಆಡುತ್ತಿದ್ದರಂತೆ! ಸಂಖ್ಯೆ ಚಿಕ್ಕದು, ಭಾಷೆ ಬೇರೆ. ಆದರೂ ಇದು ಚೀನೀ ಕಲಿಯುವವರು ಮರೆಯತಕ್ಕ ಮಾತಲ್ಲ.

ಈ ಮರ್ಮವನ್ನು ಬಲ್ಲ ಶಾಲೆಗಳು ವಿದ್ಯಾರ್ಥಿಗಳಿಂದ ಪ್ರತಿಜ್ಞೆಯನ್ನು ಬರೆಸಿಕೊಳ್ಳುತ್ತವೆ. ಅಮೆರಿಕದ ಮಿಡಲ್‌ಬರಿಯಲ್ಲಿ 1966ರಲ್ಲಿ ತೆರೆದ ಚೀನೀ ಶಾಲೆಯಲ್ಲಿ ಈ ಕಟ್ಟುಪಾಡು ಉಂಟು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 1993ರಲ್ಲಿ ಬೀಜಿಂಗಿನಲ್ಲಿ ಆರಂಭಿಸಿದ ಬೇಸಿಗೆ ತರಗತಿಗಳಲ್ಲಿಯೂ ಇದನ್ನೇ ವಿಧಿಸಲಾಯಿತು. ಚೀನೀ ಹೊರತು ಅನ್ಯ ಭಾಷೆ ಆಡಕೂಡದು. ಊಟದಲ್ಲಿಯೂ ಜಗಳದಲ್ಲಿಯೂ ಅದೇ. ಬಲ್ಲ ವಿಷಯವನ್ನು ಹೇಳಲಾರದೆ ಮೂಕನಂತೆ ಕುಳಿತಿರುವ ಮೊದಲ ವಾರಗಳ ಅವಮಾನವೇ ಇಲ್ಲಿ ತೆರಬೇಕಾದ ನಿಜವಾದ ಶುಲ್ಕ.

ಇನ್ನೊಂದು ತೊಡಕಿದೆ. ಚೀನೀಯರು ಸೌಜನ್ಯವಂತರು. ವಿದೇಶೀಯನು ಎರಡು ಮಾತನಾಡಿದೊಡನೆ 'ನಿಮ್ಮ ಚೀನೀ ಬಹಳ ಚೆನ್ನಾಗಿದೆ' ಎಂದುಬಿಡುತ್ತಾರೆ. ತಪ್ಪು ಸ್ವರವನ್ನು ತಿದ್ದುವುದಿಲ್ಲ. ಸಂದರ್ಭದಿಂದ ಅರ್ಥವಾಗುವುದರಿಂದ ತಪ್ಪು ಹಾಗೆಯೇ ಉಳಿದು ನಾಲಗೆಯಲ್ಲಿ ಬೇರೂರುತ್ತದೆ. ಪೇಟೆಯಲ್ಲಿ ಎಷ್ಟೇ ಮಾತನಾಡಿದರೂ, ದಿನಕ್ಕೊಂದು ಗಂಟೆಯಾದರೂ ಮುಲಾಜಿಲ್ಲದೆ ತಿದ್ದುವ ಶಿಕ್ಷಕನ ಮುಂದೆ ಕೂರಲೇಬೇಕು. ಹೊರಡುವ ಮೊದಲೇ ನಾಲ್ಕು ಸ್ವರಗಳನ್ನು ಕಿವಿಗೆ ಚೆನ್ನಾಗಿ ಪಳಗಿಸಿಕೊಂಡವನು ಅರ್ಧ ವರ್ಷವನ್ನು ಉಳಿಸಿಕೊಂಡಂತೆ.

ಕನ್ನಡಿಗನಿಗೆ ಒಂದು ಅನುಕೂಲವಿದೆ. ಚೀನೀ ಭಾಷೆಯಲ್ಲಿ ಪಕಾರಕ್ಕೂ ಅದರ ಮಹಾಪ್ರಾಣಕ್ಕೂ, ತಕಾರಕ್ಕೂ ಥಕಾರಕ್ಕೂ, ಕಕಾರಕ್ಕೂ ಖಕಾರಕ್ಕೂ ಅರ್ಥಭೇದವುಂಟು. ರೋಮನ್ ಲಿಪಿಯಲ್ಲಿ ಇವು ಬೇರೆ ವೇಷದಲ್ಲಿ ಬರುವುದರಿಂದ ಇಂಗ್ಲಿಷಿನ ಮೂಲಕ ಕಲಿಯುವವರು ಎಡವುತ್ತಾರೆ. ನಾವು 'ಬೀಜಿಂಗ್' ಎನ್ನುವುದೂ ಅದರ ಫಲವೇ; ಅಲ್ಲಿಯವರ ಬಾಯಲ್ಲಿ ಅದು 'ಪೇಯ್‌ಚಿಂಗ್' ಎಂಬುದಕ್ಕೆ ಹತ್ತಿರ. ನಮಗಾದರೋ ಈ ಭೇದ ಅಕ್ಷರಮಾಲೆಯಲ್ಲಿಯೇ ಇದೆ. ಮಹಾಪ್ರಾಣವನ್ನು ಬರೆದೂ ಉಚ್ಚರಿಸದವರೇ ನಮ್ಮಲ್ಲಿ ಹೆಚ್ಚೆಂಬುದು ಬೇರೆ ಮಾತು.

ಶಾಲೆಯೂ ಪ್ರತಿಜ್ಞೆಯೂ ಇಲ್ಲದೆ ಈ ಭಾಷೆಯನ್ನು ಕಲಿತವರಲ್ಲಿ ಕುಮಾರಜೀವನು ಪ್ರಸಿದ್ಧ. ಅವನ ತಂದೆ ಭಾರತೀಯ, ತಾಯಿ ಮಧ್ಯ ಏಷ್ಯದ ಕೂಚಾದ ರಾಜವಂಶದವಳು. 384ರಲ್ಲಿ ಕೂಚಾವನ್ನು ಗೆದ್ದ ಸೇನಾನಿಯು ಈ ಬೌದ್ಧ ವಿದ್ವಾಂಸನನ್ನು ಸೆರೆಹಿಡಿದನು. ಆಮೇಲೆ ಅವನನ್ನು ಚೀನಾದ ವಾಯವ್ಯದ ಲಿಯಾಂಗ್‌ಚೌನಲ್ಲಿ ಸುಮಾರು ಹದಿನೇಳು ವರ್ಷ ಇರಿಸಲಾಯಿತು. ಚೀನೀಯರ ನಡುವೆ ಕಳೆದ ಆ ವರ್ಷಗಳಲ್ಲಿ ಅವನಿಗೆ ಅವರ ಮಾತು ಕೈವಶವಾಯಿತು. 401ರ ಕೊನೆಗೆ ರಾಜಧಾನಿ ಛಾಂಗ್‌ಆನ್‌ಗೆ ಬಂದ ಮೇಲೆ ಅವನು ಮೂಲಗ್ರಂಥವನ್ನು ಕೈಯಲ್ಲಿ ಹಿಡಿದು, ನೆರೆದ ಭಿಕ್ಷುಗಳಿಗೆ ಚೀನೀ ಭಾಷೆಯಲ್ಲಿ ಬಾಯಿಂದಲೇ ಅನುವಾದಿಸಿ ಹೇಳುತ್ತಿದ್ದನು, ಅವರು ಬರೆದುಕೊಳ್ಳುತ್ತಿದ್ದರು. 406ರಲ್ಲಿ ಹೀಗೆ ಸಿದ್ಧವಾದ ಸದ್ಧರ್ಮಪುಂಡರೀಕದ ಅನುವಾದವನ್ನು ಚೀನಾದ ಬೌದ್ಧರು ಇಂದಿಗೂ ಪಠಿಸುತ್ತಾರೆ.